ಕಾರ್ಬನ್ ಸೈಕಲ್ಲು ಕೊಳ್ಳಲಿರುವ ನಮ್ಮ ಸೀಮೆಯ ತರುಣರಿಗೆ

ಕುಪ್ಪೇಲೂರಿನ ಹಾಗೂ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಸೀಮೆಯ ತರುಣ ಸವಾರರಿಗೂ ಅವರ ಹಿರಿಯರಿಗೂ—



ಗೋವಿನಜೋಳದ ರಾಶಿ ಮುಗಿದು, ಮಾಲು ಪೇಟೆ ಸೇರಿ, ಬೀಜ-ಗೊಬ್ಬರದ ಬಾಕಿಯನ್ನೂ ಸಂಘದ ಸಾಲವನ್ನೂ ತೀರಿಸಿ ಉಳಿದ ಹಣದಲ್ಲಿ ಬಹುಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡು ಬಂದ ಒಂದು ಆಸೆಯನ್ನು ಈ ಸಲವಾದರೂ ಪೂರೈಸಿಕೊಳ್ಳಬೇಕೆಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರುವಿರೆಂಬುದು ನನಗೆ ತಿಳಿದುಬಂದಿದೆ. ಆ ಆಸೆ ಕಾರ್ಬನ್ ರೋಡ್ ಬೈಕಿನದು. ಹೊಸದನ್ನು ಕೊಳ್ಳಬೇಕೆ, ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಯಾರಾದರೂ ಬಳಸಿ ಮಾರುತ್ತಿರುವುದನ್ನು ಅರ್ಧ ಬೆಲೆಗೆ ತರಬೇಕೆ ಎಂಬ ಚರ್ಚೆ ನಿಮ್ಮೊಳಗೆ ನಡೆದಿದೆ. ಸೈಕಲ್ಲಿಗೆ ಲಕ್ಷಗಟ್ಟಲೆ ಸುರಿಯುವುದು ಬುದ್ಧಿಯ ಕೆಲಸವೇ ಎಂದು ನಿಮ್ಮ ಮನೆಯ ಹಿರಿಯರು ಕೇಳುತ್ತಿದ್ದಾರೆ. ಉಭಯ ಪಕ್ಷದ ಪ್ರಶ್ನೆಗಳೂ ಗೌರವಕ್ಕೆ ಅರ್ಹವಾದುವೆಂದು ಭಾವಿಸಿ, ನಾನು ಬಲ್ಲಷ್ಟನ್ನು ಎಲ್ಲರೂ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಹಿರಿಯರಿಗೆ ಒಂದು ಮಾತು. ಸೈಕಲ್ಲು ನಮ್ಮ ಸೀಮೆಗೆ ಹೊಸತೂ ಅಲ್ಲ, ಪರಕೀಯವೂ ಅಲ್ಲ. 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಉಚಿತ ಸೈಕಲ್ಲುಗಳನ್ನು ಕೊಡಲಾರಂಭಿಸಿದಾಗ, ಹೊಲದ ದಾರಿಯಲ್ಲಿ ನಡೆದು ಪ್ರೌಢಶಾಲೆಗೆ ಹೋಗಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳ ವಿದ್ಯೆ ನಡುವೆ ನಿಲ್ಲದಂತೆ ಕಾಪಾಡಿದ್ದು ಆ ಭಾರದ ಉಕ್ಕಿನ ಸೈಕಲ್ಲುಗಳೇ. ನಮ್ಮ ಉತ್ತರ ಕರ್ನಾಟಕದ ಗದಗ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ರೈತಾಪಿ ಕುಟುಂಬಗಳ ಮಕ್ಕಳು ಕ್ರೀಡಾನಿಲಯಗಳಲ್ಲಿ ಅಭ್ಯಾಸಮಾಡಿ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ವರ್ಷವರ್ಷವೂ ಪದಕ ಗಳಿಸುತ್ತಿರುವುದನ್ನು ಪತ್ರಿಕೆಗಳನ್ನು ಓದುವವರೆಲ್ಲರೂ ಬಲ್ಲರು. 2016ರಲ್ಲಿ ಕತಾರಿನ ದೋಹಾ ನಗರದಲ್ಲಿ ನಡೆದ ರಸ್ತೆ ಸೈಕ್ಲಿಂಗಿನ ವಿಶ್ವಸ್ಪರ್ಧೆಯಲ್ಲಿ ಬೆಂಗಳೂರಿನ ನವೀನ್ ಜಾನ್ ಭಾರತದ ಪರವಾಗಿ ಸವಾರಿ ಮಾಡಿದರು. ಎರೆಮಣ್ಣಿನ ನಾಡಿನಲ್ಲಿ ಹುಟ್ಟಿ, ಬಾಲ್ಯದಿಂದಲೂ ಬಿಸಿಲಿಗೂ ದುಡಿಮೆಗೂ ಒಗ್ಗಿದ ದೇಹಗಳಿಗೆ ಈ ಕ್ರೀಡೆ ಸಹಜವಾಗಿ ಒಲಿಯುತ್ತದೆ. ನಿಮ್ಮ ಮಗನೋ ಮಗಳೋ ಬೆಳಗಿನ ಜಾವ ರಾಷ್ಟ್ರೀಯ ಹೆದ್ದಾರಿ 48ರ ಅಂಚು ಹಿಡಿದು ಹಾವೇರಿಯ ಕಡೆಗೆ ಸೈಕಲ್ಲು ತುಳಿದುಹೋಗುವುದನ್ನು ಕಂಡಾಗ ಅದನ್ನು ವ್ಯರ್ಥ ಕಾಲಹರಣವೆಂದು ಎಣಿಸಬೇಡಿರಿ.

ಆದರೆ, ತರುಣರೆ, ಸವಾರಿಯ ಹಂಬಲ ಬೇರೆ, ಕಾರ್ಬನ್ನಿನ ಹಂಬಲ ಬೇರೆ. ಮೊದಲನೆಯದು ಸಾರ್ಥಕವೆಂದ ಮಾತ್ರಕ್ಕೆ ಎರಡನೆಯದು ಅನಿವಾರ್ಯವೆಂದಾಗುವುದಿಲ್ಲ. ಈ ವಸ್ತುವಿನ ಗುಣವನ್ನೂ ದೌರ್ಬಲ್ಯವನ್ನೂ ತಿಳಿಯದೆ ಅದರ ಹೊಳಪಿಗೆ ಮಾತ್ರ ಸೋತು ಕೊಳ್ಳುವವನು ಎಷ್ಟು ಹಣ ತೆತ್ತರೂ ಮೋಸಹೋಗತಕ್ಕವನೇ ಆದುದರಿಂದ, ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿಯಿರಲಿ.

ನಮ್ಮ ತಾಲ್ಲೂಕಿನ ತುಮ್ಮಿನಕಟ್ಟಿಯಲ್ಲಿ ಕೈಮಗ್ಗದ ಮುಂದೆ ಕುಳಿತ ನೇಕಾರನನ್ನು ನೋಡಿದವರಿಗೆ ಕಾರ್ಬನ್ ಚೌಕಟ್ಟಿನ ರಹಸ್ಯ ಸುಲಭವಾಗಿ ಅರ್ಥವಾದೀತು: ನೂಲು ತನ್ನ ಉದ್ದಕ್ಕೆ ಎಳೆದಾಗ ಮಹಾ ಬಲಶಾಲಿ, ಅಡ್ಡಲಾಗಿ ಒತ್ತಿದಾಗ ಬಲಹೀನ, ಬಟ್ಟೆಗೆ ಬಲ ಬರುವುದು ಯಾವ ಎಳೆ ಯಾವ ದಿಕ್ಕಿಗೆ ಹಾಯಬೇಕೆಂಬುದನ್ನು ನೇಕಾರ ಬಲ್ಲದ್ದರಿಂದ. ಕೂದಲೆಳೆಗಿಂತಲೂ ಬಹು ಸೂಕ್ಷ್ಮವಾದ ಕಾರ್ಬನ್ ತಂತುಗಳನ್ನು ಎಪಾಕ್ಸಿ ಎಂಬ ರಾಳದಲ್ಲಿ ನೆನೆಸಿ, ಹಾಳೆಗಳನ್ನಾಗಿ ಮಾಡಿ, ಅವುಗಳನ್ನು ನಾನಾ ಕೋನಗಳಲ್ಲಿ ಪದರಪದರವಾಗಿ ಅಚ್ಚಿನೊಳಗೆ ಜೋಡಿಸಿ, ಶಾಖದಲ್ಲಿಯೂ ಒತ್ತಡದಲ್ಲಿಯೂ ಗಟ್ಟಿಗೊಳಿಸಿದರೆ ಸೈಕಲ್ಲಿನ ಚೌಕಟ್ಟು ಸಿದ್ಧವಾಗುತ್ತದೆ. ಪೆಡಲಿನ ಬಳಿ ಬಿಗುವು ಬೇಕಾದಲ್ಲಿ ಹೆಚ್ಚು ಪದರ, ಆಸನದ ಬಳಿ ಮೃದುತ್ವ ಬೇಕಾದಲ್ಲಿ ಕಡಿಮೆ ಪದರ. ಉಕ್ಕಿನಲ್ಲಿಯಾಗಲಿ ಅಲ್ಯೂಮಿನಿಯಂನಲ್ಲಿಯಾಗಲಿ ಇಂಥ ಸ್ವಾತಂತ್ರ್ಯ ಇಷ್ಟರಮಟ್ಟಿಗೆ ದೊರೆಯುವುದಿಲ್ಲ. ಟೂರ್ ಡಿ ಫ್ರಾನ್ಸ್ ಎಂಬ ಜಗದ್ವಿಖ್ಯಾತ ಪಂದ್ಯವನ್ನು ಕಾರ್ಬನ್ ಕೊಳವೆಗಳ ಚೌಕಟ್ಟಿನ ಮೇಲೆ ಮೊದಲು ಗೆದ್ದವನು ಅಮೆರಿಕದ ಗ್ರೆಗ್ ಲೆಮಾಂಡ್, 1986ರಲ್ಲಿ; ಉಕ್ಕಿನ ಚೌಕಟ್ಟಿನ ಕೊನೆಯ ವಿಜಯ 1994ರಲ್ಲಿ ಇಂಡುರೈನ್ ಎಂಬ ಸವಾರನದು, ಅಲ್ಯೂಮಿನಿಯಂನ ಕೊನೆಯ ವಿಜಯ 1998ರಲ್ಲಿ ಪಾಂಟಾನಿ ಎಂಬ ಸವಾರನದು. ಚೌಕಟ್ಟುಗಳು ಹಗುರವಾಗುತ್ತ ಹೋಗಿ, ಸುರಕ್ಷತೆಯ ದೃಷ್ಟಿಯಿಂದ 2000ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಪಂದ್ಯದ ಸೈಕಲ್ಲು 6.8 ಕಿಲೋಗ್ರಾಂಗಿಂತ ಕಡಿಮೆ ತೂಗಕೂಡದೆಂಬ ನಿಯಮವನ್ನೇ ಮಾಡಬೇಕಾಯಿತು.

ಈ ಹಗುರತನವೇ ನಿಮ್ಮನ್ನು ಸೆಳೆದಿರುವುದು. ಒಳ್ಳೆಯ ಅಲ್ಯೂಮಿನಿಯಂ ರೋಡ್ ಬೈಕೊಂದು 9ರಿಂದ 10 ಕಿಲೋ ತೂಗಿದರೆ ಕಾರ್ಬನ್ನಿನದು ಸುಮಾರು 8 ಕಿಲೋ ತೂಗೀತು. ಸವಾರನೂ ಸೈಕಲ್ಲೂ ಕೂಡಿ 75 ಕಿಲೋ ಆಗುವಲ್ಲಿ 2 ಕಿಲೋ ಉಳಿಸಿದುದರಿಂದ ಕಡಿದಾದ ಏರಿನಲ್ಲಿ ಉಳಿಯುವ ಕಾಲ ನೂರಕ್ಕೆ ಮೂರರಷ್ಟೂ ಆಗದು. ಸಮತಟ್ಟಿನ ದಾರಿಯಲ್ಲಿಯಂತೂ ಸವಾರನನ್ನು ತಡೆಯುವುದು ತೂಕವಲ್ಲ, ಗಾಳಿ. ಆ ಗಾಳಿಯ ಪ್ರತಿರೋಧದಲ್ಲಿ ಬಹುಭಾಗ ಸವಾರನ ದೇಹದ್ದೇ ಹೊರತು ಸೈಕಲ್ಲಿನದಲ್ಲ. ನಮ್ಮದು ಬಹುಮಟ್ಟಿಗೆ ಬಯಲು ನಾಡು. ಬೆನ್ನು ಬಾಗಿಸಿ ಕೂಡುವ ಅಭ್ಯಾಸದಿಂದ ದೊರೆಯುವ ವೇಗ ಇಲ್ಲಿ ಲಕ್ಷ ರೂಪಾಯಿಯ ಚೌಕಟ್ಟಿನಿಂದ ದೊರೆಯುವ ವೇಗಕ್ಕಿಂತ ಹೆಚ್ಚಿನದು. ಇಷ್ಟಾದರೂ ಕಾರ್ಬನ್ನಿನಲ್ಲಿ ನಿಜವಾದ ಒಂದು ಸುಖವಿದೆ: ಒರಟು ರಸ್ತೆಯ ಸಣ್ಣ ಕಂಪನಗಳನ್ನು ಅದು ಬಹಳ ಮಟ್ಟಿಗೆ ತಾನೇ ನುಂಗುತ್ತದೆ. 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನೊಳಗೆ ಮುಗಿಸಬೇಕಾದ, ಬ್ರೆವೆ ಎಂಬ ದೂರದ ಸವಾರಿಗಳಲ್ಲಿ ಪಾಲುಗೊಳ್ಳುವವರಿಗೆ ಸಂಜೆಯ ಹೊತ್ತಿಗೆ ಅಂಗೈ ಮತ್ತು ಭುಜಗಳ ಸ್ಥಿತಿ ಈ ಗುಣದ ಬೆಲೆಯನ್ನು ತಿಳಿಸಿಕೊಡುತ್ತದೆ. ಕಾರ್ಬನ್ನಿನ ಮುಂಗವೆ, ಅಂದರೆ ಫೋರ್ಕು, ಉಳ್ಳ ಅಲ್ಯೂಮಿನಿಯಂ ಸೈಕಲ್ಲಿನಲ್ಲಿಯೂ ಈ ಸುಖದ ಗಣನೀಯ ಭಾಗ ದೊರೆಯುತ್ತದೆಂಬುದನ್ನು ಮಾತ್ರ ಮರೆಯಬಾರದು.

ಈಗ ಮುಖ್ಯ ವಿಷಯ. ಉಕ್ಕು ಪೆಟ್ಟು ತಿಂದರೆ ಬಾಗುತ್ತದೆ, ಅಲ್ಯೂಮಿನಿಯಂ ತಗ್ಗು ಬೀಳುತ್ತದೆ. ಎರಡೂ ತಮಗಾದ ಗಾಯವನ್ನು ಮೈಮೇಲೆ ತೋರಿಸುತ್ತವೆ. ಕಾರ್ಬನ್ ಹಾಗಲ್ಲ. ದಿನನಿತ್ಯದ ತುಳಿತದಿಂದ ಅದು ಲೋಹದಂತೆ ದಣಿದು ಸವೆಯುವುದು ಅಪರೂಪ. ಹಳೆಯದಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬೇಕಾದುದಿಲ್ಲ. ಆದರೆ ಒಂದೇ ಒಂದು ಅಡ್ಡ ಪೆಟ್ಟಿನಿಂದ ಒಳಗಿನ ಪದರಗಳು ಒಂದನ್ನೊಂದು ಬಿಟ್ಟು ಬೇರ್ಪಟ್ಟಿದ್ದರೂ ಹೊರಗಿನ ಬಣ್ಣ ಅಖಂಡವಾಗಿಯೇ ಕಾಣಬಹುದು, ಆ ಗುಪ್ತವ್ರಣ ತಿಂಗಳುಗಟ್ಟಲೆ ಸುಮ್ಮನಿದ್ದು ಇಳಿಜಾರಿನಲ್ಲಿ ವೇಗವಾಗಿ ಬರುತ್ತಿರುವಾಗ ಒಮ್ಮೆಲೇ ಮುರಿಯಬಹುದು. ಆದುದರಿಂದ ಬಳಸಿದ ಕಾರ್ಬನ್ ಸೈಕಲ್ಲನ್ನು ಕೊಳ್ಳುವವನು ವಾಸ್ತವವಾಗಿ ಕೊಳ್ಳುತ್ತಿರುವುದು ಅದರ ಚರಿತ್ರೆಯನ್ನು. ಅದು ಯಾರ ಕೈಯಲ್ಲಿತ್ತು, ಎಲ್ಲಿ ಬಿತ್ತು, ಯಾರು ಬಿಚ್ಚಿ ಜೋಡಿಸಿದರು ಎಂಬುದನ್ನು ತಿಳಿಯದೆ ಕೊಟ್ಟ ಹಣ, ಬೆಲೆ ಎಷ್ಟೇ ಸುಲಭವಾಗಿದ್ದರೂ, ಹೆಚ್ಚಾಯಿತೆಂದೇ ನನ್ನ ಮತ.

ಪರೀಕ್ಷಿಸುವ ಕ್ರಮವನ್ನು ಹೇಳುತ್ತೇನೆ. ಮಾರುವವನು ಅವಸರಪಡಿಸಿದರೆ ಅಲ್ಲಿಂದ ಎದ್ದು ಬನ್ನಿರಿ. ಸೈಕಲ್ಲನ್ನು ಮೊದಲು ತೊಳೆಯಿಸಿ, ಒರೆಸಿ, ಹಗಲಿನ ಓರೆ ಬೆಳಕಿನಲ್ಲಿ ನಿಲ್ಲಿಸಿಕೊಂಡು ಒಂದೊಂದು ಕೊಳವೆಯ ಮೇಲೂ ನಿಧಾನವಾಗಿ ಬೆರಳಾಡಿಸಬೇಕು. ಕೂದಲಿನಷ್ಟು ಗೆರೆ ಕಂಡಲ್ಲಿ ಉಗುರಿನ ತುದಿ ಅದರಲ್ಲಿ ಸಿಕ್ಕುವುದೇ ಎಂದು ನೋಡಬೇಕು. ಸಿಕ್ಕಿದರೆ ಅದು ಬಣ್ಣದ ಬಿರುಕು ಮಾತ್ರವೆಂದು ನಂಬಕೂಡದು. ಎಲ್ಲ ಕಡೆಯೂ ಹಳೆಯ ಬಣ್ಣವಿದ್ದು ಒಂದೆಡೆ ಮಾತ್ರ ಹೊಸ ಬಣ್ಣವೋ ಅಸ್ಥಾನದಲ್ಲೊಂದು ಸ್ಟಿಕ್ಕರೋ ಇದ್ದರೆ ಕಾರಣವನ್ನು ಕೇಳಲೇಬೇಕು. ಮೇಲಿನ ಕೊಳವೆ ಎಲ್ಲಕ್ಕಿಂತ ತೆಳುವಾದುದು; ತಿರುಗಿದ ಹ್ಯಾಂಡಲ್ ಬಡಿದು, ಇಲ್ಲವೆ ವಾಹನದ ಮೇಲೆ ಹಗ್ಗ ಬಿಗಿದು ಅದು ಕುಸಿದಿರಬಹುದು, ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಾಗ ಮೆತ್ತಗೆನ್ನಿಸಿದರೆ ವ್ಯವಹಾರ ಅಲ್ಲಿಗೇ ಮುಗಿಯಿತು. ಹಿಂಚಕ್ರದ ಬಲಗಡೆಯ ಕೆಳಕೊಳವೆಯಲ್ಲಿ (ಚೈನ್‌ಸ್ಟೇ), ಚೈನು ಕಳಚಿ ಬಿದ್ದಾಗ ಹಲ್ಲುಚಕ್ರಕ್ಕೂ ಕೊಳವೆಗೂ ನಡುವೆ ಸಿಕ್ಕಿ ಕೆತ್ತಿದ ಗಾಯಗಳಿರುವುದು ಸಾಮಾನ್ಯ. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ, ತಂತುಗಳು ಕಡಿದಿದ್ದರೆ ಬೇಡ.

ಸಂದೇಹವಿದ್ದೆಡೆ ನಾಣ್ಯದ ಅಂಚಿನಿಂದ ಹಗುರವಾಗಿ ತಟ್ಟುತ್ತ ಹೋಗಬೇಕು. ಗಟ್ಟಿಯಾದಲ್ಲಿ ನಾದ ಸ್ಪಷ್ಟ, ಪದರ ಬಿಟ್ಟಲ್ಲಿ ಮಂಕು. ಕೊಳವೆಯ ದಪ್ಪ ಸ್ಥಳದಿಂದ ಸ್ಥಳಕ್ಕೆ ಬದಲಾಗುವುದರಿಂದ ನಾದವೂ ಬದಲಾಗುತ್ತದೆ; ಆದುದರಿಂದ ಎಡಗಡೆಯ ನಾದವನ್ನು ಬಲಗಡೆಯ ಅದೇ ಸ್ಥಾನದ ನಾದದೊಡನೆಯೇ ಹೋಲಿಸತಕ್ಕದ್ದು. ಇದು ಮೊದಲ ಪರೀಕ್ಷೆಯೇ ಹೊರತು ಕೊನೆಯದಲ್ಲ. ಶ್ರವಣಾತೀತ ತರಂಗಗಳ (ಅಲ್ಟ್ರಾಸೌಂಡ್) ಯಂತ್ರದಿಂದ ನೋಡುವವರ ಬಳಿ ಒಯ್ಯಲು ಸಾಧ್ಯವಿದ್ದಲ್ಲಿ ಆ ಖರ್ಚು ಸಾರ್ಥಕವಾದುದು.

ಮುಂಗವೆಯ ವಿಷಯದಲ್ಲಿ ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳಬೇಡಿರಿ. ಚೌಕಟ್ಟಿನ ಕೊಳವೆಯೊಂದು ಸೀಳಿದರೆ ಸವಾರನಿಗೆ ಕ್ಷಣಮಾತ್ರವಾದರೂ ಸೂಚನೆ ದೊರೆತೀತು. ಮುಂಗವೆಯಾಗಲಿ ಹ್ಯಾಂಡಲ್ಲಾಗಲಿ ಮುರಿದರೆ ಮುಖವೇ ನೆಲಕ್ಕೆ ಅಪ್ಪಳಿಸುತ್ತದೆ. ಹ್ಯಾಂಡಲ್ಲನ್ನು ಮುಂಗವೆಗೆ ಜೋಡಿಸುವ ಸ್ಟೆಮ್ಮನ್ನು ಬಿಚ್ಚಿಸಿ, ಅದರೊಳಗೆ ಮುಚ್ಚಿಹೋಗಿರುವ, ಮುಂಗವೆಯ ಮೇಲ್ಭಾಗವಾದ ಸ್ಟಿಯರರ್ ಕೊಳವೆಯ ಮೇಲೆ ಅತಿಯಾದ ಬಿಗಿತದಿಂದಾದ ಜಜ್ಜುಗಾಯವಿದೆಯೇ ಎಂದು ಕಣ್ಣಾರೆ ನೋಡಬೇಕು. ಮುಂದಿನ ಬ್ರೇಕನ್ನು ಹಿಡಿದು ಸೈಕಲ್ಲನ್ನು ಹಿಂದುಮುಂದಕ್ಕೆ ತೂಗಿದಾಗ ಕುತ್ತಿಗೆಯಲ್ಲಿ ಸಡಿಲು ತಿಳಿದುಬರಬಾರದು. ಆಸನದ ಕೋಲನ್ನು ಸಡಿಲಿಸಿ ಮೇಲೆ ಕೆಳಗೆ ಸರಿಸಿ ತೋರಿಸೆಂದು ಕೇಳಿರಿ; ಕಾರ್ಬನ್ ಚೌಕಟ್ಟಿನಲ್ಲಿ ಅಲ್ಯೂಮಿನಿಯಂ ಕೋಲಿದ್ದು ಬೆವರೂ ನೀರೂ ಒಳಗಿಳಿದಿದ್ದರೆ ಅವೆರಡೂ ಕಚ್ಚಿಕೊಂಡು, ಬಿಡಿಸಹೋದವನು ಚೌಕಟ್ಟನ್ನೇ ಒಡೆಯುವ ಸಂಭವವಿದೆ. ಒಡೆದ ಚೌಕಟ್ಟು ಬಲ್ಲವರ ಕೈಯಲ್ಲಿ ದುರಸ್ತಿಯಾಗಬಲ್ಲುದು, ದುರಸ್ತಿಯಾದ ಚೌಕಟ್ಟು ವರ್ಷಗಟ್ಟಲೆ ಬಾಳಲೂಬಲ್ಲುದು. ದುರಸ್ತಿಯಾದ ಮುಂಗವೆಯನ್ನು ಮಾತ್ರ ಯಾರು ಎಷ್ಟು ಭರವಸೆಯಿತ್ತರೂ ಒಪ್ಪಕೂಡದು.

ಚೌಕಟ್ಟಾದ ಮೇಲೆ ಚೈನಿನ ಸವೆತವನ್ನು ನೋಡಬೇಕು. ಚೈನಿನಲ್ಲಿ 24 ಕೊಂಡಿಗಳ ಉದ್ದ ಹೊಸದರಲ್ಲಿ ಸರಿಯಾಗಿ 12 ಅಂಗುಲವಿರುತ್ತದೆ. ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಬೆಳೆದಿದ್ದರೆ ಚೈನನ್ನು ಬದಲಿಸುವ ಕಾಲ ಬಂದಿತೆಂದೂ, ಎಂಟನೆಯ ಒಂದು ಭಾಗದಷ್ಟಾಗಿದ್ದರೆ ಹಲ್ಲುಚಕ್ರಗಳೂ ಸವೆದಿರಬೇಕೆಂದೂ ತಿಳಿದು, ಆ ಮೊತ್ತವನ್ನು ಬೆಲೆಯಲ್ಲಿ ಕಡಿತಗೊಳಿಸಿರಿ. ಪೆಡಲಿನ ನಡುಗುಂಭದ (ಬಾಟಮ್ ಬ್ರಾಕೆಟ್) ಕೆಳಗಿರುವ ಕ್ರಮಸಂಖ್ಯೆಯನ್ನೂ ಮೂಲ ರಸೀದಿಯನ್ನೂ ತಾಳೆ ನೋಡಿ ಬರೆದಿಟ್ಟುಕೊಳ್ಳಿರಿ. ಕದ್ದ ಮಾಲನ್ನು ಕೊಂಡ ಕಳಂಕ ನಿಮಗೆ ತಟ್ಟಬಾರದು. ಪಿನಾರೆಲ್ಲೊ, ಸ್ಪೆಷಲೈಸ್ಡ್ ಮೊದಲಾದ ಪ್ರಸಿದ್ಧ ಹೆಸರುಗಳನ್ನು ಮೈಮೇಲೆ ಬರೆದುಕೊಂಡ ನಕಲಿ ಚೌಕಟ್ಟುಗಳೂ ಜಗತ್ತಿನಲ್ಲಿ ಓಡಾಡುತ್ತಿವೆ. ಅವುಗಳಲ್ಲಿ ಎಷ್ಟು ಪದರವಿದೆ, ಯಾವ ರಾಳವಿದೆ ಎಂಬುದನ್ನು ಹೇಳುವವರಾರೂ ಇಲ್ಲ. ಹೆಸರಿಗೆ ಬೆಲೆಯೇ ಹೊಂದದಷ್ಟು ಅಗ್ಗವಾಗಿ ಬಂದುದನ್ನು ಮುಟ್ಟಬೇಡಿರಿ.

ಇದಿಷ್ಟೂ ಯಾವ ಊರಿನವರಿಗಾದರೂ ಸಲ್ಲುವ ಮಾತು. ಕುಪ್ಪೇಲೂರಿನಲ್ಲಿ ವಾಸಿಸುವವರು ಇನ್ನೂ ಕೆಲವನ್ನು ಯೋಚಿಸಬೇಕಾಗಿದೆ. ಹೆದ್ದಾರಿಯನ್ನು ಬಿಟ್ಟರೆ ನಮ್ಮ ದಾರಿಗಳು ಎರೆಹೊಲಗಳ ನಡುವೆ ಹಾಯತಕ್ಕವು. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಗಳು ತಂದು ಸುರಿದ ಕೆಸರು ಡಾಂಬರಿನ ಮೇಲೆ ಒಣಗಿ ಕಲ್ಲಿನಂತಾಗುತ್ತದೆ, ಸುಗ್ಗಿಯಲ್ಲಿ ಗೋವಿನಜೋಳದ ಕಾಳು ರಸ್ತೆಯ ಮೇಲೆಯೇ ಹಾಸಿರುತ್ತದೆ. ಇಂಥಲ್ಲಿ 23 ಮಿಲಿಮೀಟರಿನ ಸಪುರ ಟೈರು ಅಪಾಯಕರ; 28 ಮಿಲಿಮೀಟರಿನದಾದರೂ ಬೇಕು, 32 ಹಿಡಿದರೆ ಇನ್ನೂ ಒಳ್ಳೆಯದು. ರಿಮ್ ಬ್ರೇಕಿನ ಹಳೆಯ ಕಾರ್ಬನ್ ಚೌಕಟ್ಟುಗಳಲ್ಲಿ ಅನೇಕವು 25ಕ್ಕಿಂತ ಅಗಲದ ಟೈರನ್ನು ಒಳಗೆ ಬಿಡುವುದಿಲ್ಲ, ಮಾರುಕಟ್ಟೆಯಲ್ಲಿ ಇಂದು ಅತ್ಯಂತ ಅಗ್ಗವಾಗಿ ದೊರೆಯುತ್ತಿರುವುವೂ ಅವೇ. ಬೆಂಗಳೂರಿನ ನುಣುಪು ವರ್ತುಲ ರಸ್ತೆಗೆ ಅವು ಒಪ್ಪಿಯಾವು, ಬ್ಯಾಡಗಿಯ ಒಳದಾರಿಗೆ ಒಪ್ಪವು.

ದುರಸ್ತಿಯ ಪ್ರಶ್ನೆಯೂ ಅಷ್ಟೇ ಗುರುತರವಾದುದು. ನಮ್ಮ ಪಂಕ್ಚರ್ ಅಂಗಡಿಯ ಪಂಪು ರೋಡ್ ಬೈಕಿನ ಟ್ಯೂಬಿನಲ್ಲಿರುವ ಪ್ರೆಸ್ಟಾ ಎಂಬ ಸಪುರ ವಾಲ್ವಿಗೆ ಹೊಂದುವುದಿಲ್ಲ. ಕೆಲವೇ ರೂಪಾಯಿಯ ಹಿತ್ತಾಳೆಯ ಅಡಾಪ್ಟರು ಜೇಬಿನಲ್ಲಿರದಿದ್ದರೆ ಲಕ್ಷದ ಸೈಕಲ್ಲನ್ನೂ ನೂಕಿಕೊಂಡೇ ಬರಬೇಕಾದೀತು. ಶಿಮಾನೊ ಕಂಪನಿಯ ಹೈಡ್ರಾಲಿಕ್ ಬ್ರೇಕಿಗೆ ಖನಿಜ ತೈಲವನ್ನೇ ಹಾಕತಕ್ಕದ್ದು; ಮೋಟಾರ್ ಸೈಕಲ್ಲಿನ ಡಾಟ್ ಬ್ರೇಕ್ ದ್ರವವನ್ನು ಹಾಕಿದರೆ ಒಳಗಿನ ರಬ್ಬರು ಉಬ್ಬಿ ಬ್ರೇಕು ಕೆಡುತ್ತದೆ. ನಡುಗುಂಭದಲ್ಲಿ ಬೇರಿಂಗುಗಳನ್ನು ಒತ್ತಿ ಕೂರಿಸುವ ಪದ್ಧತಿಯದಕ್ಕಿಂತ ತಿರುಪಿನ ಪದ್ಧತಿಯದನ್ನೇ ಆರಿಸಿರಿ, ಏಕೆಂದರೆ ಮೊದಲನೆಯದನ್ನು ಬಿಚ್ಚುವ ಉಪಕರಣ ಹತ್ತಿರದಲ್ಲಿ ಸಿಗುವುದು ಕಷ್ಟ. ವಿದ್ಯುತ್ತಿನ ಗೇರು ಬೇಡ, ತಂತಿಯ ಗೇರು ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಬನ್ನಿನ ಮೇಲೆ ಬಿಗಿಯುವ ಪ್ರತಿಯೊಂದು ಬೋಲ್ಟಿಗೂ ಕಂಪನಿಯು ಮಿತಿಯನ್ನು ನಮೂದಿಸಿರುತ್ತದೆ, ಸಾಮಾನ್ಯವಾಗಿ 4ರಿಂದ 6 ನ್ಯೂಟನ್-ಮೀಟರು. ಕೈಬಲದ ಅಂದಾಜಿನಿಂದ ಬಿಗಿಯುವ ಮೆಕ್ಯಾನಿಕ್ಕನು, ಎಷ್ಟೇ ಒಳ್ಳೆಯವನಾದರೂ, ಅದನ್ನು ಮೀರದೆ ಇರಲಾರನು. ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚು ಒಬ್ಬೊಬ್ಬರಿಗೂ ಬೇಕಾದುದಿಲ್ಲ. ಊರಿನ ಸವಾರರೆಲ್ಲ ಕೂಡಿ ಒಂದನ್ನು ಕೊಂಡು, ಅದರೊಡನೆ ಭಾಗಗಳು ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟಿನ ಒಂದು ಡಬ್ಬಿ, ಚೈನು ಅಳೆಯುವ ಪಟ್ಟಿ ಇವನ್ನೂ ಇಟ್ಟುಕೊಂಡರೆ ಎಲ್ಲರ ಕೆಲಸವೂ ನಡೆದುಹೋಗುತ್ತದೆ.

ಅಳತೆಯ ವಿಷಯದಲ್ಲಿ ಒಂದೇ ಮಾತು: 56 ಸೆಂಟಿಮೀಟರಿನ ಚೌಕಟ್ಟು ಅಗ್ಗವಾಗಿ ಸಿಕ್ಕಿತೆಂದು 52 ಬೇಕಾದವನು ಅದನ್ನು ತರಬಾರದು. ಸ್ಟೆಮ್ಮನ್ನು ಬದಲಿಸಿ ಒಂದೆರಡು ಸೆಂಟಿಮೀಟರು ಸರಿಪಡಿಸಬಹುದು, ದೇಹವನ್ನು ಸರಿಪಡಿಸಲಾಗುವುದಿಲ್ಲ.

ಇನ್ನು ಹೊಸದೋ ಹಳೆಯದೋ ಎಂಬ ನಿಮ್ಮ ಮೂಲ ಪ್ರಶ್ನೆ. ಹೊಸ ಕಾರ್ಬನ್ ಸೈಕಲ್ಲುಗಳು ಒಂದೂವರೆ-ಎರಡು ಲಕ್ಷದಿಂದ ಆರಂಭವಾಗಿ ಒಂದು ಎಕರೆ ಹೊಲದ ಬೆಲೆಯನ್ನು ಮುಟ್ಟುವವರೆಗೂ ಇವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲುಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿರುವುದು ಕೊಳ್ಳುವವರಿಗೆ ಸ್ವಲ್ಪ ಅನುಕೂಲ. ಬಹುತೇಕ ಕಂಪನಿಗಳು ಚೌಕಟ್ಟಿಗೆ ಕೊಡುವ ಆಜೀವ ಖಾತರಿ ಮೊದಲ ಮಾಲೀಕನಿಗೆ ಮಾತ್ರ ಸಲ್ಲುತ್ತದೆ. ಕೈಬದಲಾದೊಡನೆಯೇ ಅದು ಮುಗಿಯಿತು. ಆದುದರಿಂದ ಹಳೆಯದರ ಬೆಲೆಯನ್ನು ಕಟ್ಟುವಾಗ ಖಾತರಿಯಿಲ್ಲದ ವಸ್ತುವಿಗೆ ಬೆಲೆ ಕಟ್ಟುತ್ತಿದ್ದೇವೆಂಬ ಎಚ್ಚರ ಬೇಕು. ಪಂದ್ಯಗಳಲ್ಲಿ ಇಳಿಯಲು ನಿಜವಾಗಿ ಸಿದ್ಧನಾದವನು, ಮಾಲೀಕನು ಪರಿಚಿತನಾಗಿ, ಮೂಲ ರಸೀದಿಯಿದ್ದು, ಮೇಲೆ ಹೇಳಿದ ಪರೀಕ್ಷೆಗಳಲ್ಲಿ ತೇರ್ಗಡೆಯಾದ, ತನ್ನ ಅಳತೆಯ ಹಳೆಯ ಕಾರ್ಬನ್ ಸೈಕಲ್ಲು ದೊರೆತರೆ ನಿಶ್ಚಿಂತೆಯಿಂದ ಕೊಳ್ಳಲಿ. ಅದಕ್ಕಿಂತ ಒಳ್ಳೆಯ ವ್ಯಾಪಾರ ಬೇರೊಂದಿಲ್ಲ. ಚರಿತ್ರೆ ತಿಳಿಯದ ಹಳೆಯ ಕಾರ್ಬನ್ನೂ, ಕಾರ್ಬನ್ ಮುಂಗವೆಯುಳ್ಳ ಹೊಸ ಅಲ್ಯೂಮಿನಿಯಮ್ಮೂ ಒಂದೇ ಬೆಲೆಗೆ ಎದುರಿಗಿದ್ದರೆ ಎರಡನೆಯದನ್ನೇ ಆರಿಸತಕ್ಕದ್ದೆಂಬುದರಲ್ಲಿ ನನಗೆ ಸಂದೇಹವೇ ಇಲ್ಲ. ಇದೇ ಮೊದಲು ಸವಾರಿಗೆ ಇಳಿಯುವವನಿಗೆ ಯಾವ ಬೆಲೆಯ ಕಾರ್ಬನ್ನೂ ಬೇಡ. ಇದಕ್ಕಾಗಿ ಹೊಲವನ್ನು ಒತ್ತೆಯಿಡುವುದಾಗಲಿ, ಬಡ್ಡಿಗೆ ಸಾಲ ತರುವುದಾಗಲಿ, ತಂಗಿಯ ಓದಿಗೆಂದು ಇಟ್ಟ ಹಣವನ್ನು ಮುಟ್ಟುವುದಾಗಲಿ ಖಂಡಿತ ಕೂಡದು. ಯಾವ ಸೈಕಲ್ಲನ್ನೇ ಕೊಂಡರೂ ಹೆಲ್ಮೆಟ್ಟಿನ ಹಣವನ್ನು ಮೊದಲು ತೆಗೆದಿಟ್ಟು ಉಳಿದುದರಲ್ಲಿ ಲೆಕ್ಕ ಹಾಕಿರಿ.

ಕೊನೆಗೆ, ನಿಮ್ಮಲ್ಲಿ ಈಗಾಗಲೇ ಕಾರ್ಬನ್ ಸೈಕಲ್ಲನ್ನು ಹೊಂದಿ, ಇನ್ನೊಂದನ್ನು ಕೊಳ್ಳಲೆಂದು ಅದನ್ನು ಮಾರಲಿರುವವರಿಗೂ, ನಮ್ಮ ಸೀಮೆಯಿಂದ ಹೋಗಿ ನಗರಗಳಲ್ಲಿ ನೆಲೆಸಿ ಅಲ್ಲಿಂದ ಊರಿನ ಹುಡುಗರಿಗೆ ಸೈಕಲ್ಲು ಕಳುಹಿಸುವವರಿಗೂ ನನ್ನದೊಂದು ಪ್ರಾರ್ಥನೆಯಿದೆ. ಸೈಕಲ್ಲಿನೊಡನೆ ಒಂದು ಹಾಳೆಯ ಮೇಲೆ ಅದರ ಚರಿತ್ರೆಯನ್ನು ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಡಿರಿ: ಎಲ್ಲಿ ಕೊಂಡದ್ದು, ಎಷ್ಟು ಓಡಿದ್ದು, ಯಾವ ಭಾಗ ಬದಲಾದದ್ದು, ಬಿದ್ದದ್ದಾದರೆ ಎಲ್ಲಿ ಯಾವ ಮಗ್ಗುಲಿಗೆ ಬಿದ್ದದ್ದು. ಅದರಿಂದ ನಿಮಗೆ ನಾಲ್ಕು ಸಾವಿರ ಕಡಿಮೆ ಬಂದೀತು, ಬರಲಿ. ಕೊಳ್ಳುವವರೇ, ಆ ಹಾಳೆ ಕೈಗೆ ಬರುವವರೆಗೆ ಹಣವನ್ನು ಕೊಡಬೇಡಿರಿ.

ಇತಿ ನಿಮ್ಮ ಹಿತೈಷಿ,
ರಾಣೇಬೆನ್ನೂರು ತಾಲ್ಲೂಕಿನ ಒಬ್ಬ ಹಿರಿಯ ಸವಾರ